ಕಂಪ್ಯೂಟರ್ ಕೈಕೊಟ್ಟಾಗ ಮೊದಲು ಫೈಲು, ಆಮೇಲೆ ಯಂತ್ರ: ರಿಪೇರಿಯಿಂದ ಲಿನಕ್ಸ್‌ವರೆಗೆ

ಚಿಕ್ಕಪ್ಪ ಫೋನ್ ಮಾಡಿದರು. "ಕಂಪ್ಯೂಟರ್ ಹೋಯ್ತು ಕಣೋ."

ಹೋಯ್ತು ಅಂದರೆ ಏನಾಯ್ತು ಅಂತ ಕೇಳಿದೆ. "ಹೋಯ್ತು ಅಂದ್ರೆ ಹೋಯ್ತು. ಏನೂ ಬರ್ತಿಲ್ಲ." ಫ್ಯಾನ್ ಸದ್ದು ಕೇಳ್ತಿದೆಯಾ? ಕೇಳ್ತಿದೆ. ಲೈಟ್ ಉರೀತಿದೆಯಾ? ಉರೀತಿದೆ. ಸ್ಕ್ರೀನ್ ಮೇಲೆ ಏನಾದರೂ ಅಕ್ಷರ? "ಏನೋ ಇಂಗ್ಲಿಷಲ್ಲಿದೆ, ಬೂಟ್ ಡಿವೈಸ್ ಅಂತೇನೋ." ಪಕ್ಕದಲ್ಲಿ ಪೆನ್‌ಡ್ರೈವ್ ಏನಾದರೂ ಚುಚ್ಚಿದ್ದೀರಾ ಚಿಕ್ಕಪ್ಪ? ಸ್ವಲ್ಪ ಹೊತ್ತು ಮಾತಿಲ್ಲ. "ಹ್ಞೂಂ, ಇದೆ." ಕಿತ್ತು ಮತ್ತೆ ಆನ್ ಮಾಡಿದರು. ಎಲ್ಲ ಸರಿಯಾಗಿತ್ತು.

ಆದರೆ ಅಷ್ಟರಲ್ಲಿ ಯಾರೋ ಅವರಿಗೆ "ಫಾರ್ಮ್ಯಾಟ್ ಮಾಡಿಸಿಬಿಡಿ" ಅಂದಾಗಿತ್ತು. ಅವರು ಹೂಂ ಅನ್ನೋದೊಂದೇ ಬಾಕಿ. ಈ ಸಲಹೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಫಾರ್ಮ್ಯಾಟ್ ಮಾಡಿದರೆ ಯಂತ್ರವೇನೋ ಸರಿಹೋಗಬಹುದು. ಹತ್ತು ವರ್ಷದ ಫೋಟೋ ಯಾರು ಕೊಡುತ್ತಾರೆ? ಹಾಗಾಗಿ ಇಲ್ಲಿ ನಾನು ಹೇಳುವ ಕ್ರಮವೇ ಬೇರೆ. ಎಲ್ಲಿ ನಿಂತಿದೆ ಅಂತ ಮೊದಲು ನೋಡಿ. ಫೈಲುಗಳನ್ನು ಹೊರಗೆ ತನ್ನಿ. ರಿಪೇರಿ ಆಮೇಲೆ. ಫಾರ್ಮ್ಯಾಟ್ ಕಟ್ಟಕಡೆಗೆ.

ಒಂದು ಮಾತು. ಕಮಾಂಡ್‌ಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಎಲ್ಲಿ ನಿಂತಿದೆ?

ಬಟನ್ ಒತ್ತಿದಾಗಿನಿಂದ ಡೆಸ್ಕ್‌ಟಾಪ್ ಬರುವವರೆಗೆ ಕಂಪ್ಯೂಟರ್ ಕೆಲವು ಮೆಟ್ಟಿಲು ಹತ್ತುತ್ತದೆ. ಕರೆಂಟ್ ಬರಬೇಕು. ಪ್ರೊಸೆಸರ್, ರ‍್ಯಾಮ್, ಡಿಸ್‌ಪ್ಲೇ ಎಲ್ಲ ಇದೆಯಾ ಅಂತ ಬಯೋಸ್, ಅಂದರೆ ಮದರ್‌ಬೋರ್ಡ್‌ನಲ್ಲೇ ಇರುವ ಸಣ್ಣ ಸಾಫ್ಟ್‌ವೇರ್, ನೋಡಿಕೊಳ್ಳಬೇಕು. ಡಿಸ್ಕ್‌ನಿಂದ ಆಪರೇಟಿಂಗ್ ಸಿಸ್ಟಮ್ ಲೋಡ್ ಆಗಬೇಕು. ಆಮೇಲೆ ಲಾಗಿನ್. ಯಾವ ಮೆಟ್ಟಿಲಲ್ಲಿ ಎಡವಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಆದಂತೆ.

ಸ್ಕ್ರೀನ್ ಮೇಲೆ ಏನೇ ಸಂದೇಶ ಬಂದರೂ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆಯಿರಿ. "ಏನೋ ಎರರ್ ಬಂತು" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಇನ್ನೊಂದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡಿ. ಕೇಬಲ್ಲೂ ಬದಲಿಸಿ, ರ‍್ಯಾಮೂ ತೆಗೆದು ಹಾಕಿ, ಸೆಟಿಂಗೂ ತಿರುಗಿಸಿದರೆ ಯಾವುದರಿಂದ ಸರಿಹೋಯ್ತು ಅಂತ ಕೊನೆಗೂ ಗೊತ್ತಾಗುವುದಿಲ್ಲ.

*ಏನೂ ಇಲ್ಲ, ಲೈಟೂ ಇಲ್ಲ.* ಸಾಕೆಟ್‌ಗೆ ಬೇರೆ ಏನಾದರೂ ಹಾಕಿ ಕರೆಂಟ್ ಇದೆಯಾ ನೋಡಿ. ನಗಬೇಡಿ, ಎಷ್ಟೋ ಸಲ ಕಥೆ ಇಲ್ಲಿಗೇ ಮುಗಿಯುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆಯಿರಿ, ಬ್ಯಾಟರಿ ಕಳಚುವಂತಿದ್ದರೆ ಅದನ್ನೂ ತೆಗೆಯಿರಿ. ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಖಾಲಿಯಾಗುತ್ತದೆ. ಆಮೇಲೆ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ಸತ್ತೇಹೋಯ್ತು ಅಂದುಕೊಂಡ ಲ್ಯಾಪ್‌ಟಾಪ್ ಇಷ್ಟಕ್ಕೇ ಎದ್ದು ಕೂರುವುದುಂಟು.

*ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು.* ಬೇರೆ ಮಾನಿಟರ್ ಅಥವಾ ಟಿವಿಗೆ ಜೋಡಿಸಿ ನೋಡಿ. ಅದರಲ್ಲಿ ಬಂದರೆ ಕಂಪ್ಯೂಟರ್ ಸರಿಯಿದೆ, ಸ್ಕ್ರೀನ್ ಹೋಗಿದೆ. ಲ್ಯಾಪ್‌ಟಾಪ್ ಸ್ಕ್ರೀನ್ ಮೇಲೆ ಟಾರ್ಚ್ ಓರೆಯಾಗಿ ಬಿಡಿ. ಮಸುಕಾಗಿ ಐಕಾನ್ ಕಂಡರೆ ಹೋಗಿರುವುದು ಹಿಂದಿನ ಬೆಳಕು ಮಾತ್ರ. ಎರಡರಲ್ಲೂ ಏನೂ ಇಲ್ಲವೆಂದರೆ ರ‍್ಯಾಮ್ ಮೇಲೆ ಅನುಮಾನ. ಕರೆಂಟ್ ಪೂರ್ತಿ ತೆಗೆದು, ರ‍್ಯಾಮ್ ಕಡ್ಡಿ ಬಿಚ್ಚಿ, ಒಣಬಟ್ಟೆಯಿಂದ ಒರೆಸಿ, ಕ್ಲಿಪ್ ಟಕ್ ಅನ್ನುವಂತೆ ಮತ್ತೆ ಕೂರಿಸಿ. ಎರಡು ಕಡ್ಡಿ ಇದ್ದರೆ ಒಂದೊಂದೇ ಹಾಕಿ ನೋಡಿ. ಬೀಪ್ ಸದ್ದು ಬಂದರೆ ಎಷ್ಟು ಸಲ, ಉದ್ದವೋ ಗಿಡ್ಡವೋ ಎಣಿಸಿ. ಅದರ ಅರ್ಥ ಆಯಾ ಮದರ್‌ಬೋರ್ಡ್‌ನ ಕೈಪಿಡಿಯಲ್ಲಿರುತ್ತದೆ.

*ದಿನಾಂಕ ಹಿಂದಕ್ಕೆ ಹೋಗಿದೆ.* ಹಳೆ ಡೆಸ್ಕ್‌ಟಾಪ್‌ಗಳಲ್ಲಿ ಇದು ಮಾಮೂಲು. ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಮುಗಿದಿರುತ್ತದೆ. ಬಹುಪಾಲು ಸಿಆರ್2032, 3 ವೋಲ್ಟ್. ಗಡಿಯಾರ ತಪ್ಪಾದರೆ ವೆಬ್‌ಸೈಟ್‌ಗಳೆಲ್ಲ "ಸುರಕ್ಷಿತವಲ್ಲ" ಅನ್ನಲು ಶುರುಮಾಡುತ್ತವೆ. ಜನ ಇಂಟರ್‌ನೆಟ್ ಹಾಳಾಯ್ತು ಅಂದುಕೊಳ್ಳುತ್ತಾರೆ.

*ಕಂಪನಿಯ ಲೋಗೋ ಬರುತ್ತದೆ, ಮುಂದೆ ಹೋಗುವುದಿಲ್ಲ.* ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಪ್ರಿಂಟರ್ ಎಲ್ಲ ಕಿತ್ತು ನೋಡಿ. ಆಮೇಲೆ ಬಯೋಸ್ ಒಳಗೆ ಹೋಗಿ. ಆನ್ ಆದ ತಕ್ಷಣ ಎಫ್2 ಅಥವಾ ಡಿಲೀಟ್ ಕೀ ಒತ್ತುತ್ತಿರಬೇಕು. ಅಲ್ಲಿ ಡಿಸ್ಕ್‌ನ ಹೆಸರು ಕಾಣುತ್ತದೆಯಾ? ಕಂಡರೆ ತೊಂದರೆ ಬಹುಶಃ ವಿಂಡೋಸ್‌ನದು. ಕಾಣದಿದ್ದರೆ ಕೇಬಲ್ ಸಡಿಲ, ಇಲ್ಲವೇ ಡಿಸ್ಕೇ ಹೋಗಿದೆ. ಹಾರ್ಡ್‌ಡಿಸ್ಕ್‌ನಿಂದ ಟಿಕ್ ಟಿಕ್ ಅಂತ ಒಂದೇ ಸಮ ಸದ್ದು ಬರುತ್ತಿದ್ದರೆ ಕೂಡಲೇ ಆಫ್ ಮಾಡಿ. ಅಂಥ ಡಿಸ್ಕ್‌ನಲ್ಲಿ ಬೇಕಾದ ಫೈಲುಗಳಿದ್ದರೆ ಮನೆಯಲ್ಲಿ ಏನೂ ಪ್ರಯೋಗ ಬೇಡ, ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ. ಪ್ರತಿ ಸಲ ಆನ್ ಮಾಡಿದಾಗಲೂ ಒಳಗಿನ ಹೆಡ್ ತಟ್ಟೆಯನ್ನು ಇನ್ನಷ್ಟು ಗೀರಬಹುದು.

ವಿಂಡೋಸ್ ತಾನೇ ಕೊಡುವ ದಾರಿಗಳು

ಲೋಗೋ ದಾಟಿ ಚುಕ್ಕೆಗಳು ಸುತ್ತುತ್ತಲೇ ಇದ್ದರೆ, ನೀಲಿ ಸ್ಕ್ರೀನ್ ಬಂದು ರೀಸ್ಟಾರ್ಟ್ ಆಗುತ್ತಲೇ ಇದ್ದರೆ, ರಿಪೇರಿ ಮೆನುಗೆ ಹೋಗಬೇಕು. ಲಾಗಿನ್ ಸ್ಕ್ರೀನ್ ಬರುತ್ತಿದ್ದರೆ ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ಅದೂ ಬರದಿದ್ದರೆ ವಿಂಡೋಸ್ ಲೋಗೋ ಕಾಣಿಸುತ್ತಿದ್ದಂತೆ ಪವರ್ ಬಟನ್ ಒತ್ತಿ ಹಿಡಿದು ಆರಿಸಿ. ಹೀಗೆ ಎರಡು ಮೂರು ಸಲ ಮಾಡಿದರೆ, ಏನೋ ಸರಿಯಿಲ್ಲ ಅಂತ ವಿಂಡೋಸ್‌ಗೇ ಅನ್ನಿಸಿ ಮುಂದಿನ ಸಲ ರಿಪೇರಿ ಮೆನು ತೋರಿಸುತ್ತದೆ.

ಅಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್ಡ್ ಆಪ್ಷನ್ಸ್. ನಾನು ಹೋಗುವ ಕ್ರಮ ಹೀಗೆ:

1. ಸ್ಟಾರ್ಟಪ್ ರಿಪೇರ್. ಒಂದು ಸಲ ಬಿಟ್ಟು ನೋಡಿ. ಆಗದಿದ್ದರೆ ಮತ್ತೆ ಮತ್ತೆ ಒತ್ತಬೇಡಿ.
2. ಮೊನ್ನೆ ಅಪ್‌ಡೇಟ್ ಆದಮೇಲೆ ಶುರುವಾಗಿದ್ದರೆ, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್.
3. ಸಿಸ್ಟಮ್ ರಿಸ್ಟೋರ್. ಹಿಂದಿನ ದಿನಾಂಕಕ್ಕೆ ಸಿಸ್ಟಮ್ ಸೆಟಿಂಗ್ ಮರಳುತ್ತದೆ. ನಿಮ್ಮ ಫೋಟೋ, ಡಾಕ್ಯುಮೆಂಟ್ ಮುಟ್ಟುವುದಿಲ್ಲ.
4. ಸೇಫ್ ಮೋಡ್. ಸ್ಟಾರ್ಟಪ್ ಸೆಟಿಂಗ್ಸ್‌ಗೆ ಹೋಗಿ ರೀಸ್ಟಾರ್ಟ್ ಒತ್ತಿ. ಪಟ್ಟಿ ಬಂದಾಗ 4 ಒತ್ತಿ. ಇಂಟರ್‌ನೆಟ್ ಬೇಕಿದ್ದರೆ 5.

ಸೇಫ್ ಮೋಡ್‌ನಲ್ಲಿ ವಿಂಡೋಸ್ ತನಗೆ ತೀರಾ ಬೇಕಾದ ಡ್ರೈವರ್‌ಗಳನ್ನಷ್ಟೇ (ಯಂತ್ರದ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಎಬ್ಬಿಸುತ್ತದೆ. ಅಲ್ಲಿ ಸರಿಯಾಗಿ ನಡೆದರೆ, ನೀವು ಹೊಸದಾಗಿ ಹಾಕಿದ ಯಾವುದೋ ಸಾಫ್ಟ್‌ವೇರ್ ಅಥವಾ ಡ್ರೈವರ್ ಕಳ್ಳ. 2024ರ ಜುಲೈ 19 ನೆನಪಿರಬೇಕು. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಸಾಫ್ಟ್‌ವೇರ್ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಸ್ಕ್ರೀನ್‌ಗೆ ಬಿದ್ದವು ಅಂತ ಮೈಕ್ರೋಸಾಫ್ಟ್ ಲೆಕ್ಕ ಕೊಟ್ಟಿತ್ತು. ವಿಮಾನ ನಿಂತವು, ಬ್ಯಾಂಕ್ ನಿಂತವು. ಕೊನೆಗೆ ಪರಿಹಾರ ಏನಾಗಿತ್ತು? ಸೇಫ್ ಮೋಡ್‌ಗೆ ಹೋಗಿ ಆ ಒಂದು ಫೈಲ್ ಡಿಲೀಟ್ ಮಾಡುವುದು. ಯಾರೂ ಫಾರ್ಮ್ಯಾಟ್ ಮಾಡಬೇಕಿರಲಿಲ್ಲ.

ಸೇಫ್ ಮೋಡ್‌ವರೆಗೆ ಬಂದರೆ ಕಮಾಂಡ್ ಪ್ರಾಂಪ್ಟನ್ನು (ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ) ಅಡ್ಮಿನಿಸ್ಟ್ರೇಟರ್ ಆಗಿ ತೆರೆದು "ಎಸ್‌ಎಫ್‌ಸಿ /ಸ್ಕ್ಯಾನ್‌ನೌ" ಕೊಡಿ. ಹಾಳಾದ ಸಿಸ್ಟಮ್ ಫೈಲುಗಳನ್ನು ಹುಡುಕಿ ಬದಲಿಸುತ್ತದೆ. ಜೊತೆಗೆ "ಚೆಕ್‌ಡಿಸ್ಕ್ ಓಡಿಸಿ" ಅಂತ ಎಲ್ಲರೂ ಹೇಳುತ್ತಾರೆ. ನಾನು ಒಂದು ಷರತ್ತು ಹಾಕುತ್ತೇನೆ: ಫೈಲು ಹೊರಗೆ ತೆಗೆದಮೇಲೆ ಮಾತ್ರ. ಚೆಕ್‌ಡಿಸ್ಕ್ ಇರುವುದು ಫೈಲ್ ಸಿಸ್ಟಮ್‌ನ ಲೆಕ್ಕ, ಅಂದರೆ ಡಿಸ್ಕ್‌ನಲ್ಲಿ ಯಾವ ಫೈಲು ಎಲ್ಲಿದೆ ಅನ್ನುವ ಲೆಕ್ಕ, ಸರಿಮಾಡಲು. ನಿಮ್ಮ ಫೈಲು ಉಳಿಸುವುದು ಅದರ ಕೆಲಸವೇ ಅಲ್ಲ. ಸಾಯುತ್ತಿರುವ ಡಿಸ್ಕ್ ಮೇಲೆ ಅದನ್ನು ಗಂಟೆಗಟ್ಟಲೆ ಓಡಿಸಿದರೆ, ಜ್ವರ ಬಂದವನನ್ನು ಓಟಕ್ಕೆ ನಿಲ್ಲಿಸಿದ ಹಾಗೆ.

"ರೀಸೆಟ್ ದಿಸ್ ಪಿಸಿ" ಅನ್ನುವ ಆಯ್ಕೆಯೂ ಅಲ್ಲೇ ಇದೆ. "ಕೀಪ್ ಮೈ ಫೈಲ್ಸ್" ಒತ್ತಿದರೂ ನೀವು ಹಾಕಿಕೊಂಡ ಸಾಫ್ಟ್‌ವೇರ್ ಎಲ್ಲ ಹೋಗುತ್ತದೆ. ಅದಕ್ಕೆ ಕೈಹಾಕುವ ಮೊದಲು ಮುಂದಿನ ಭಾಗ ಓದಿ.

ಲೈವ್ ಪೆನ್‌ಡ್ರೈವ್: ಲಿನಕ್ಸ್ ಬೇಡ ಅನ್ನುವವರಿಗೂ ಬೇಕಾದದ್ದು

ಲಿನಕ್ಸ್ ಅಂದರೆ ವಿಂಡೋಸ್‌ನ ಹಾಗೆ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಅದನ್ನು ಇನ್‌ಸ್ಟಾಲ್ ಮಾಡದೆ, ಪೆನ್‌ಡ್ರೈವ್‌ನಿಂದಲೇ ನೇರವಾಗಿ ನಡೆಸಬಹುದು. ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲಿ ಅದು ಏನೂ ಬರೆಯುವುದಿಲ್ಲ. ವಿಂಡೋಸ್ ಏಳದಿದ್ದರೂ ಡಿಸ್ಕ್ ಸರಿಯಿದ್ದರೆ ಫೈಲುಗಳೆಲ್ಲ ಕಾಣುತ್ತವೆ, ಕಾಪಿ ಮಾಡಿಕೊಳ್ಳಬಹುದು. ನನ್ನ ಬ್ಯಾಗಿನಲ್ಲಿ ಇಂಥದ್ದೊಂದು ಯಾವಾಗಲೂ ಇರುತ್ತದೆ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಮಾಡಿಟ್ಟುಕೊಳ್ಳಿ. ಕೆಟ್ಟಮೇಲೆ ಮಾಡಬೇಕಾದರೆ ಇನ್ನೊಬ್ಬರ ಕಂಪ್ಯೂಟರ್ ಹುಡುಕಿಕೊಂಡು ಹೋಗಬೇಕಾಗುತ್ತದೆ.

ಬೇಕಾದದ್ದು 8 ಜಿಬಿ ಪೆನ್‌ಡ್ರೈವ್. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಲಿನಕ್ಸ್‌ನಲ್ಲಿ ನೂರಾರು ಬಗೆ ಇವೆ. ಹೊಸಬರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್, ಸಿನಮನ್ ಆವೃತ್ತಿ. ಸ್ಟಾರ್ಟ್ ಮೆನು ಎಡಗಡೆ ಕೆಳಗೇ ಇದೆ, ಅಷ್ಟರಿಂದಲೇ ಅರ್ಧ ಹೆದರಿಕೆ ಹೋಗುತ್ತದೆ. ಯಂತ್ರ ತುಂಬ ಹಳೆಯದಾದರೆ ಅದರದೇ ಎಕ್ಸ್‌ಎಫ್‌ಸಿಇ ಆವೃತ್ತಿ ತೆಗೆದುಕೊಳ್ಳಿ. ಹಗುರ.

ಮಿಂಟ್‌ನ ಸ್ವಂತ ವೆಬ್‌ಸೈಟ್‌ನಿಂದ ಐಎಸ್ಒ ಫೈಲ್ (ಇಡೀ ಸಿಸ್ಟಮ್ಮನ್ನು ಒಂದೇ ಫೈಲಿನಲ್ಲಿ ಕಟ್ಟಿಟ್ಟದ್ದು) ಇಳಿಸಿಕೊಳ್ಳಿ, ಹತ್ತಿರ ಹತ್ತಿರ 3 ಜಿಬಿ ಇರುತ್ತದೆ. ಇಳಿಸಿದ್ದು ಸರಿಯಿದೆಯಾ ಅಂತ ನೋಡಲು ಅಲ್ಲೇ ಎಸ್‌ಎಚ್‌ಎ256 ಅನ್ನುವ ಉದ್ದನೆಯ ಸಂಖ್ಯೆ ಕೊಟ್ಟಿರುತ್ತಾರೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ "ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್", ಆಮೇಲೆ ಫೈಲಿನ ಹೆಸರು, ಆಮೇಲೆ "ಎಸ್‌ಎಚ್‌ಎ256" ಕೊಟ್ಟರೆ ನಿಮ್ಮ ಫೈಲಿನ ಸಂಖ್ಯೆ ಬರುತ್ತದೆ. ಎರಡೂ ಒಂದೇ ಇರಬೇಕು. ಇದು ಸುಮ್ನೆ ಶಾಸ್ತ್ರಕ್ಕಲ್ಲ. 2016ರ ಫೆಬ್ರವರಿಯಲ್ಲಿ ಮಿಂಟ್ ವೆಬ್‌ಸೈಟನ್ನೇ ಹ್ಯಾಕ್ ಮಾಡಿ, ಹಿಂಬಾಗಿಲು ಸೇರಿಸಿದ ಐಎಸ್ಒಗೆ ಲಿಂಕ್ ತಿರುಗಿಸಿದ್ದರು.

ಆಮೇಲೆ ರೂಫಸ್ ಅಥವಾ ಬಲೇನಾ ಎಚರ್ ಅನ್ನುವ ಸಾಫ್ಟ್‌ವೇರ್‌ನಿಂದ ಐಎಸ್ಒವನ್ನು ಪೆನ್‌ಡ್ರೈವ್‌ಗೆ ಬರೆಯಿರಿ. ಮಾಮೂಲಿ ಕಾಪಿ-ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ.

ಇಲ್ಲಿ ನನ್ನ ಒಂದು ದಡ್ಡತನ ಹೇಳಿಬಿಡುತ್ತೇನೆ. ಒಮ್ಮೆ ಹೀಗೆ ಬರೆಯುವಾಗ ಪಕ್ಕದ ಪೋರ್ಟ್‌ನಲ್ಲಿ ನನ್ನ ಫೋಟೋಗಳಿದ್ದ ಎಕ್ಸ್‌ಟರ್ನಲ್ ಡಿಸ್ಕ್ ಇತ್ತು. ಪಟ್ಟಿಯಲ್ಲಿ ಎರಡು ಹೆಸರು. ಗಾತ್ರ ನೋಡದೆ ಮೇಲಿನದನ್ನು ಒತ್ತಿದೆ. ಎಚ್ಚರಿಕೆ ಬಂತು, ಅದಕ್ಕೂ ಯೆಸ್ ಅಂದೆ. ಹತ್ತು ಸೆಕೆಂಡ್ ಆದಮೇಲೆ ಪೆನ್‌ಡ್ರೈವ್‌ನ ಲೈಟ್ ಮಿನುಗುತ್ತಿಲ್ಲ, ಡಿಸ್ಕ್‌ನ ಲೈಟ್ ಮಿನುಗುತ್ತಿದೆ ಅಂತ ಕಣ್ಣಿಗೆ ಬಿತ್ತು. ಕಿತ್ತೆಸೆದೆ. ಅಷ್ಟರಲ್ಲಿ ಪಾರ್ಟಿಶನ್ ಟೇಬಲ್, ಅಂದರೆ ಡಿಸ್ಕ್‌ನ ಯಾವ ಭಾಗ ಎಲ್ಲಿದೆ ಅನ್ನುವ ಪಟ್ಟಿ, ಹೋಗಿತ್ತು. ಫೋಟೋರೆಕ್ ಅನ್ನುವ ಉಚಿತ ಸಾಫ್ಟ್‌ವೇರ್ ಬಹಳಷ್ಟು ಫೋಟೋ ಎತ್ತಿಕೊಟ್ಟಿತು. ಆದರೆ ಅದು ಫೈಲಿನ ಒಳಗಿನ ಗುರುತು ನೋಡಿ ಹುಡುಕುತ್ತದೆ, ಹೆಸರೂ ಫೋಲ್ಡರೂ ಅದಕ್ಕೆ ಸಿಗುವುದಿಲ್ಲ. ಎಲ್ಲ ಫೋಟೋಗಳ ಹೆಸರು ಎಫ್ ಅಕ್ಷರ, ಮುಂದೆ ಒಂದಿಷ್ಟು ಅಂಕಿ. ಯಾವುದು ಯಾವ ವರ್ಷದ್ದು ಅಂತ ಬೇರ್ಪಡಿಸಲು ತಿಂಗಳುಗಟ್ಟಲೆ ಹಿಡಿಯಿತು. ಅದಕ್ಕೇ ಹೇಳುವುದು, ಬರೆಯುವಾಗ ಆ ಒಂದು ಪೆನ್‌ಡ್ರೈವ್ ಬಿಟ್ಟು ಬೇರೆ ಏನೂ ಚುಚ್ಚಿರಬಾರದು.

ಪೆನ್‌ಡ್ರೈವ್ ಸಿದ್ಧವಾದಮೇಲೆ ಕೆಟ್ಟ ಕಂಪ್ಯೂಟರ್‌ಗೆ ಚುಚ್ಚಿ, ಆನ್ ಮಾಡಿ, ಬೂಟ್ ಮೆನು ಕೀ ಒತ್ತುತ್ತಿರಿ. ಕಂಪನಿಯಿಂದ ಕಂಪನಿಗೆ ಬೇರೆ ಬೇರೆ: ಎಫ್12, ಎಫ್9, ಎಫ್11 ಅಥವಾ ಎಸ್ಕೇಪ್. ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಸ್ಕ್ರೀನ್ ಕಪ್ಪಾಗಿಯೇ ಉಳಿದರೆ ರೀಸ್ಟಾರ್ಟ್ ಮಾಡಿ "ಕಂಪ್ಯಾಟಿಬಿಲಿಟಿ ಮೋಡ್" ಆರಿಸಿ, ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಗಳಲ್ಲಿ ಹೀಗಾಗುವುದುಂಟು.

ಫೈಲು ಹೊರಗೆ ತರುವುದು

ಮಿಂಟ್ ಡೆಸ್ಕ್‌ಟಾಪ್ ಬಂತಾ? ಸರಿ. ಫೈಲ್ ಮ್ಯಾನೇಜರ್ ತೆರೆದರೆ ಎಡಗಡೆ ವಿಂಡೋಸ್ ಡಿಸ್ಕ್ ಕಾಣುತ್ತದೆ. ಅದರ ಮೇಲೆ ಒತ್ತುವ ಮುಂಚೆ ಡಿಸ್ಕ್‌ನ ನಾಡಿ ನೋಡಿ. ಮೆನುವಿನಲ್ಲಿ "ಡಿಸ್ಕ್ಸ್" ತೆರೆದು, ನಿಮ್ಮ ಡಿಸ್ಕ್ ಆರಿಸಿ, ಮೂರು ಗೆರೆಯ ಅಥವಾ ಮೂರು ಚುಕ್ಕೆಯ ಗುಂಡಿಯಲ್ಲಿ "ಸ್ಮಾರ್ಟ್ ಡೇಟಾ" ನೋಡಿ. ಹಾರ್ಡ್‌ಡಿಸ್ಕ್‌ನಲ್ಲಿ ಎರಡು ಸಾಲು ಮುಖ್ಯ: "ರೀಅಲೊಕೇಟೆಡ್ ಸೆಕ್ಟರ್", "ಕರೆಂಟ್ ಪೆಂಡಿಂಗ್ ಸೆಕ್ಟರ್". ಎರಡೂ ಸೊನ್ನೆ ಇದ್ದರೆ ನೆಮ್ಮದಿ. ಪೆಂಡಿಂಗ್ ಅಂದರೆ ಓದಲಾಗದೆ ಡಿಸ್ಕ್ ತಾನೇ ಪಟ್ಟಿ ಮಾಡಿಟ್ಟ ಜಾಗಗಳು. ಆ ಸಂಖ್ಯೆ ಏರುತ್ತಿದ್ದರೆ ಡಿಸ್ಕ್‌ಗೆ ಜಾಸ್ತಿ ದಿನ ಇಲ್ಲ.

ಡಿಸ್ಕ್ ಆರೋಗ್ಯವಾಗಿದ್ದರೆ ಕೆಲಸ ಸುಲಭ. ವಿಂಡೋಸ್ ಡಿಸ್ಕ್ ತೆರೆದು, "ಯೂಸರ್ಸ್" ಫೋಲ್ಡರ್, ಅದರಲ್ಲಿ ನಿಮ್ಮ ಹೆಸರು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲ ಅಲ್ಲೇ. ಇವನ್ನು ಇನ್ನೊಂದು ಡಿಸ್ಕ್‌ಗೆ ಎಳೆದು ಹಾಕಿ. ಜನ ಮರೆಯುವುದು ಬೇರೆಯೇ. ಕಂಟ್ರೋಲ್ ಎಚ್ ಒತ್ತಿದರೆ ಬಚ್ಚಿಟ್ಟ ಫೋಲ್ಡರ್ ಕಾಣುತ್ತವೆ, "ಆಪ್‌ಡೇಟಾ" ಒಳಗೆ ಫೈರ್‌ಫಾಕ್ಸ್‌ನ ಬುಕ್‌ಮಾರ್ಕ್, ಪಾಸ್‌ವರ್ಡ್ ಇರುವ ಪ್ರೊಫೈಲ್ ಇದೆ. ಕ್ರೋಮ್‌ನ ಪಾಸ್‌ವರ್ಡ್ ಹಾಗೆ ಕಾಪಿ ಮಾಡಿದರೆ ಉಪಯೋಗವಿಲ್ಲ, ವಿಂಡೋಸ್ ಅದನ್ನು ಬೀಗ ಹಾಕಿಟ್ಟಿರುತ್ತದೆ. ಔಟ್‌ಲುಕ್ ಬಳಸುವವರು ಮೇಲ್‌ಗಳಿರುವ ಪಿಎಸ್‌ಟಿ ಫೈಲು ಹುಡುಕಿ. ಬರೀ ಸಿ ಡ್ರೈವ್ ಅಲ್ಲದೆ ಡಿ, ಇ ಅಂತ ಮಾಡಿಕೊಂಡಿದ್ದರೆ ಅವನ್ನೂ ತೆರೆದು ನೋಡಿ.

ಕಾಪಿ ಮಾಡುವ ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ದಾಟಿದ ಒಂದೊಂದು ವೀಡಿಯೋ ಹೋಗುವುದಿಲ್ಲ. ಎಕ್ಸ್‌ಫ್ಯಾಟ್ ಆಗಿದ್ದರೆ ಆ ತಾಪತ್ರಯವಿಲ್ಲ. ಮತ್ತೆ, ಕಾಪಿ ಮುಗಿಯಿತು ಅಂತ ಬಂದರೂ ಕೀಳಬೇಡಿ. ಲಿನಕ್ಸ್ ಮೊದಲು ರ‍್ಯಾಮ್‌ನಲ್ಲಿ ಇಟ್ಟುಕೊಂಡು ನಿಧಾನವಾಗಿ ಬರೆಯುತ್ತದೆ. ಎಜೆಕ್ಟ್ ಒತ್ತಿ, "ಈಗ ತೆಗೆಯಬಹುದು" ಅಂತ ಬರುವವರೆಗೆ ಕಾಯಿರಿ. ಆಮೇಲೆ ಮತ್ತೆ ಚುಚ್ಚಿ, ನಾಲ್ಕಾರು ಫೋಟೋ ಮತ್ತು ಒಂದು ದೊಡ್ಡ ಫೈಲ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅನ್ನುವುದಿಲ್ಲ.

ಎರಡು ಅಡ್ಡಿ ಬರಬಹುದು. ಒಂದು, ಡಿಸ್ಕ್ ತೆರೆಯುವಾಗ "ಓದಲು ಮಾತ್ರ" ಅನ್ನುವುದು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್‌ನಿಂದ ಹೀಗಾಗುತ್ತದೆ, ಅದು ಪೂರ್ತಿ ಆಫ್ ಆಗದೆ ಅರೆನಿದ್ದೆಯಲ್ಲಿರುತ್ತದೆ. ನಮಗೆ ಓದಿದರೆ ಸಾಕಲ್ವಾ, ಹಾಗೇ ಕಾಪಿ ಮಾಡಿ. ಇನ್ನೊಂದು ಬಿಟ್‌ಲಾಕರ್. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಡಿಸ್ಕ್‌ಗೆ ಬೀಗ ಬಿದ್ದಿರುತ್ತದೆ. ಆಗ 48 ಅಂಕಿಯ ರಿಕವರಿ ಕೀ ಬೇಕು. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿದ್ದವರಿಗೆ ಸಾಮಾನ್ಯವಾಗಿ ಆ ಅಕೌಂಟ್‌ನಲ್ಲೇ ಉಳಿದಿರುತ್ತದೆ, ಮೊಬೈಲ್‌ನಿಂದ ನೋಡಬಹುದು. ಆ ಕೀ ಎಲ್ಲೂ ಇಲ್ಲವೆಂದರೆ ಫೈಲು ಯಾರಿಂದಲೂ ಸಿಗದು. ಇವತ್ತೇ ಹುಡುಕಿ ಒಂದು ಕಾಗದದ ಮೇಲೆ ಬರೆದಿಡಿ.

ಡಿಸ್ಕ್ ಓದುವಾಗ ನಡುನಡುವೆ ನಿಂತರೆ ಎಳೆದು ಹಾಕುವ ಕಾಪಿ ಬಿಡಿ. ಡಿಡಿರೆಸ್ಕ್ಯೂ ಬಳಸಿ. ಲೈವ್ ಮಿಂಟ್‌ನಲ್ಲಿ ಇಂಟರ್‌ನೆಟ್ ಜೋಡಿಸಿ "ಜಿಡಿಡಿರೆಸ್ಕ್ಯೂ" ಅನ್ನುವ ಪ್ಯಾಕೇಜ್ ಹಾಕಿಕೊಳ್ಳಬಹುದು, ಅದು ರ‍್ಯಾಮ್‌ನಲ್ಲೇ ಕೂರುತ್ತದೆ. ಇದರ ಜಾಣತನ ಏನೆಂದರೆ ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಿಸಿಕೊಳ್ಳುವ ಜಾಗಗಳನ್ನೆಲ್ಲ ಬಾಚಿಕೊಳ್ಳುತ್ತದೆ, ಹಟ ಮಾಡುವ ಜಾಗಗಳಿಗೆ ಆಮೇಲೆ ಬರುತ್ತದೆ. ಎಲ್ಲಿಯವರೆಗೆ ಬಂತು ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ, ಆ ಫೈಲನ್ನು ರ‍್ಯಾಮ್‌ನಲ್ಲಿಡದೆ ಬೇರೆ ಡಿಸ್ಕ್‌ನಲ್ಲಿ ಇಟ್ಟಿದ್ದರೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಇಡೀ ಡಿಸ್ಕ್‌ನ ನಕಲು ಮಾಡುವುದರಿಂದ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡ ಇನ್ನೊಂದು ಡಿಸ್ಕ್ ಬೇಕು. ಮೂಲ ಯಾವುದು, ನಕಲು ಯಾವುದು ಅಂತ ಮೂರು ಸಲ ನೋಡಿ ಎಂಟರ್ ಒತ್ತಿ. ಫೋಟೋರೆಕ್ ಓಡಿಸುವುದಿದ್ದರೂ ಈ ನಕಲಿನ ಮೇಲೆ ಓಡಿಸಿ.

ಎಸ್‌ಎಸ್‌ಡಿಯಿಂದ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳ ಡಿಸ್ಕ್) ಡಿಲೀಟ್ ಆದ ಫೈಲು ವಾಪಸ್ ಬರುವ ಆಸೆ ಕಡಿಮೆ ಇಟ್ಟುಕೊಳ್ಳಿ. ಟ್ರಿಮ್ ಅನ್ನುವ ವ್ಯವಸ್ಥೆ ಖಾಲಿಯಾದ ಜಾಗವನ್ನು ಒಳಗೊಳಗೇ ಒರೆಸಿಬಿಡುತ್ತದೆ.

ಇನ್ನು ಲಿನಕ್ಸನ್ನೇ ಹಾಕಿಕೊಂಡರೆ?

ಫೈಲು ಹೊರಗೆ ಬಂದಾಯ್ತು. ಈಗ ಬೇಕಾದರೆ ವಿಂಡೋಸ್ ಹೊಸದಾಗಿ ಹಾಕಿ, ಬೇಡವೆಂದರೆ ಲಿನಕ್ಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಕೇಳುತ್ತದೆ, ಚೆನ್ನಾಗಿ ನಡೆಯುವ ಎಷ್ಟೋ ಹಳೆ ಯಂತ್ರಗಳಲ್ಲಿ ಅದಿಲ್ಲ. ಅಂಥ ಯಂತ್ರಕ್ಕೆ ಲಿನಕ್ಸ್ ಹೇಳಿಮಾಡಿಸಿದ ಹಾಗೆ. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಹವ್ಯಾಸಕ್ಕೆ ಅಂತ ಶುರುಮಾಡಿದ್ದು ಇದರ ತಿರುಳು, ಅಂದರೆ ಕರ್ನಲ್. ಅದರ ಸುತ್ತ ಡೆಸ್ಕ್‌ಟಾಪ್, ಬ್ರೌಸರ್, ಆಫೀಸ್ ಎಲ್ಲ ಸೇರಿಸಿ ಕಟ್ಟಿಕೊಟ್ಟ ಗಂಟೇ ಮಿಂಟ್, ಉಬುಂಟು, ಫೆಡೋರಾ.

ಆದರೆ ಪ್ರಾಮಾಣಿಕವಾಗಿ ಹೇಳಬೇಕು. ಹಳೆ ಕಂಪ್ಯೂಟರ್ ನಿಧಾನ ಅನ್ನುವುದಷ್ಟೇ ದೂರಾದರೆ ಮೊದಲು ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಲಿನಕ್ಸ್‌ಗಿಂತ ಅದರಿಂದಲೇ ಜಾಸ್ತಿ ವ್ಯತ್ಯಾಸ ಕಾಣುತ್ತದೆ. ಇನ್ನು ನಿಮ್ಮ ಕೆಲಸ ಫೋಟೋಶಾಪ್‌ನಲ್ಲೋ, ವಿಂಡೋಸ್‌ಗೆಂದೇ ಮಾಡಿದ ಯಾವುದೋ ಸಾಫ್ಟ್‌ವೇರ್‌ನಲ್ಲೋ ನಡೆಯುವುದಾದರೆ ಪೂರ್ತಿ ಬಿಟ್ಟುಬರಬೇಡಿ. ಎರಡನ್ನೂ ಇಟ್ಟುಕೊಳ್ಳಿ.

ಇನ್‌ಸ್ಟಾಲ್ ಮಾಡುವ ಮೊದಲು ಲೈವ್‌ನಲ್ಲೇ ಒಂದು ಗಂಟೆ ಕೂತು ನೋಡಿ. ವೈಫೈ ಹಿಡಿಯುತ್ತದೆಯಾ? ಸದ್ದು ಬರುತ್ತದೆಯಾ? ಕ್ಯಾಮೆರಾ, ಬ್ಲೂಟೂತ್, ಪ್ರಿಂಟರ್? ಮುಚ್ಚಳ ಮುಚ್ಚಿ ತೆರೆದರೆ ಏಳುತ್ತದೆಯಾ? ಇಲ್ಲಿ ನಡೆದದ್ದು ಇನ್‌ಸ್ಟಾಲ್ ಆದಮೇಲೂ ಬಹುಮಟ್ಟಿಗೆ ನಡೆಯುತ್ತದೆ. ಮಿಂಟ್‌ಗೆ ಕನಿಷ್ಠ 2 ಜಿಬಿ ರ‍್ಯಾಮ್, ಆರಾಮಾಗಿರಲು 4 ಜಿಬಿ. ಡಿಸ್ಕ್‌ನಲ್ಲಿ 20 ಜಿಬಿ ಸಾಕು ಅನ್ನುತ್ತಾರೆ, 100 ಕೊಟ್ಟರೆ ಒಳ್ಳೆಯದು.

ವಿಂಡೋಸ್ ಜೊತೆಗೆ ಇಡುವುದಾದರೆ ವಿಂಡೋಸ್ ಒಳಗೇ ಮೂರು ಕೆಲಸ ಮುಗಿಸಿಕೊಳ್ಳಿ. ಬಿಟ್‌ಲಾಕರ್ ಕೀ ಬರೆದಿಟ್ಟುಕೊಂಡು ಅದನ್ನು ಆಫ್ ಮಾಡಿ. ಫಾಸ್ಟ್ ಸ್ಟಾರ್ಟಪ್ ತೆಗೆಯಿರಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ, "ಶ್ರಿಂಕ್" ಕೊಟ್ಟು ಜಾಗ ಬಿಡಿಸಿ. ಆಮೇಲೆ ಲೈವ್‌ಗೆ ಬಂದು ಡೆಸ್ಕ್‌ಟಾಪ್ ಮೇಲಿನ "ಇನ್‌ಸ್ಟಾಲ್" ಒತ್ತಿ. ಭಾಷೆ, ಕೀಬೋರ್ಡ್ ಕೇಳುತ್ತದೆ. ಮಲ್ಟಿಮೀಡಿಯಾ ಕೋಡೆಕ್ ಅನ್ನುವಲ್ಲಿ ಟಿಕ್ ಹಾಕಿ, ಇಲ್ಲದಿದ್ದರೆ ಕೆಲವು ವೀಡಿಯೋ ಓಡುವುದಿಲ್ಲ. ಮುಂದಿನ ಪುಟದಲ್ಲಿ ಮಾತ್ರ ಉಸಿರು ಬಿಗಿಹಿಡಿದು ಓದಿ: "ವಿಂಡೋಸ್ ಜೊತೆಗೆ ಇನ್‌ಸ್ಟಾಲ್" ಒಂದು, "ಡಿಸ್ಕ್ ಪೂರ್ತಿ ಅಳಿಸಿ ಇನ್‌ಸ್ಟಾಲ್" ಇನ್ನೊಂದು. ಎರಡನೆಯದನ್ನು ಒತ್ತಿದರೆ ಹಿಂದೆ ಬರುವ ದಾರಿಯಿಲ್ಲ. ಉಳಿದದ್ದೆಲ್ಲ ನೆಕ್ಸ್ಟ್, ನೆಕ್ಸ್ಟ್.

ಎರಡೂ ಇದ್ದಾಗ ಗಡಿಯಾರ ಹಿಂದುಮುಂದಾಗುತ್ತದೆ. ಯಂತ್ರದ ಗಡಿಯಾರವನ್ನು ಲಿನಕ್ಸ್ ಜಾಗತಿಕ ಸಮಯ ಅಂದುಕೊಳ್ಳುತ್ತದೆ, ವಿಂಡೋಸ್ ಸ್ಥಳೀಯ ಸಮಯ ಅಂದುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು "ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1" ಅಂತ ಒಮ್ಮೆ ಕೊಟ್ಟರೆ ಜಗಳ ಮುಗಿಯುತ್ತದೆ.

ಮೊದಲ ವಾರ

ಮೊದಲ ದಿನವೇ ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಇದು ಸಿಸ್ಟಮ್‌ನ ಆವತ್ತಿನ ಸ್ಥಿತಿಯನ್ನು ಹಿಡಿದಿಡುತ್ತದೆ. ನಿಮ್ಮ ಫೋಟೋ, ಡಾಕ್ಯುಮೆಂಟ್ ಇದರಲ್ಲಿ ಸೇರುವುದಿಲ್ಲ, ಅದಕ್ಕೆ ಬೇರೆ ಬ್ಯಾಕಪ್ ಬೇಕು. ಆಮೇಲೆ ಅಪ್‌ಡೇಟ್ ಮ್ಯಾನೇಜರ್, ಡ್ರೈವರ್ ಮ್ಯಾನೇಜರ್ ಒಮ್ಮೆ ಓಡಿಸಿ.

ಚಿಕ್ಕಪ್ಪ ಮಿಂಟ್‌ಗೆ ಬಂದ ದಿನ ಕೇಳಿದ ಮೊದಲ ಪ್ರಶ್ನೆ, "ಸಿ ಡ್ರೈವ್ ಎಲ್ಲೋ?" ಲಿನಕ್ಸ್‌ನಲ್ಲಿ ಸಿ, ಡಿ ಇಲ್ಲ. ಒಂದೇ ಮರ. ಬುಡಕ್ಕೆ ಒಂದು ಓರೆಗೆರೆಯ ಹೆಸರು. ನಿಮ್ಮದೆಲ್ಲ "ಹೋಮ್" ಅನ್ನುವ ಕೊಂಬೆಯಲ್ಲಿ, ಪೆನ್‌ಡ್ರೈವ್ ಚುಚ್ಚಿದರೆ "ಮೀಡಿಯಾ" ಅನ್ನುವ ಕೊಂಬೆಯಲ್ಲಿ. ಹೋಮ್ ಬಿಟ್ಟು ಹೊರಗೆ ಹೋಗುವ ಅಗತ್ಯವೇ ನಿಮಗೆ ಸಾಮಾನ್ಯವಾಗಿ ಬರುವುದಿಲ್ಲ.

ಸಾಫ್ಟ್‌ವೇರ್ ಬೇಕಾದರೆ ವೆಬ್‌ಸೈಟ್ ಹುಡುಕಿ ಡೌನ್‌ಲೋಡ್ ಮಾಡುವ ಅಭ್ಯಾಸ ಬಿಡಿ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹೆಸರು ಟೈಪ್ ಮಾಡಿ ಇನ್‌ಸ್ಟಾಲ್ ಒತ್ತಿ, ಮೊಬೈಲ್‌ನ ಹಾಗೆ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಮೊದಲೇ ಇರುತ್ತವೆ.

ಕನ್ನಡ ಟೈಪಿಂಗ್‌ಗೆ "ಐಬಸ್-ಎಂ17ಎನ್" ಹಾಕಿಕೊಳ್ಳಿ. ನುಡಿ ಬಳಸಿದವರಿಗೆ ಅದರಲ್ಲಿ ಕೆಜಿಪಿ ಅನ್ನುವ ಲೇಔಟ್ ಇದೆ, ಬೆರಳು ಹೊಸದಾಗಿ ಏನೂ ಕಲಿಯಬೇಕಿಲ್ಲ. ಇನ್‌ಸ್ಕ್ರಿಪ್ಟ್ ಕೂಡ ಇದೆ.

ಟರ್ಮಿನಲ್ ಅಂದರೆ ಹೆದರಬೇಡಿ, ಮೊದಲ ವಾರ ಅದು ಅಷ್ಟಾಗಿ ಬೇಕಾಗುವುದೂ ಇಲ್ಲ. ತೆರೆದರೆ ಇಷ್ಟು ಗೊತ್ತಿರಲಿ. ಎಲ್ ಎಸ್ ಅಂದರೆ ಇಲ್ಲಿ ಏನೇನಿದೆ ತೋರಿಸು. ಸಿ ಡಿ ಅಂದರೆ ಆ ಫೋಲ್ಡರ್‌ಗೆ ಹೋಗು. "ಸುಡೊ" ಮುಂದೆ ಸೇರಿಸಿದರೆ ಯಜಮಾನನ ಅಧಿಕಾರದಲ್ಲಿ ಮಾಡು ಅಂತ. "ಸುಡೊ ಎಪಿಟಿ ಅಪ್‌ಡೇಟ್", ಆಮೇಲೆ "ಸುಡೊ ಎಪಿಟಿ ಅಪ್‌ಗ್ರೇಡ್" ಕೊಟ್ಟರೆ ಎಲ್ಲ ಹೊಸದಾಗುತ್ತದೆ. ಪಾಸ್‌ವರ್ಡ್ ಟೈಪ್ ಮಾಡುವಾಗ ಚುಕ್ಕೆಯೂ ಕಾಣದಿದ್ದರೆ ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ, ಟೈಪ್ ಮಾಡಿ ಎಂಟರ್ ಒತ್ತಿ. ಹೆಸರು ಅರ್ಧ ಬರೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಅದೇ ತುಂಬುತ್ತದೆ. ಕಂಟ್ರೋಲ್ ಸಿ ಇಲ್ಲಿ ಕಾಪಿ ಅಲ್ಲ, ಓಡುತ್ತಿರುವುದನ್ನು ನಿಲ್ಲಿಸುವುದು. ಕಾಪಿಗೆ ಕಂಟ್ರೋಲ್ ಶಿಫ್ಟ್ ಸಿ. ಆರ್ ಎಂ ಅನ್ನುವ ಕಮಾಂಡ್ ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ, ಹೋದದ್ದು ಹೋಯಿತು. ಇಂಟರ್‌ನೆಟ್‌ನಲ್ಲಿ ಸಿಕ್ಕಿದ ಸಾಲಿನಲ್ಲಿ ಸುಡೊ ಮತ್ತು ಆರ್ ಎಂ ಒಟ್ಟಿಗೆ ಕಂಡರೆ ಅರ್ಥವಾಗುವವರೆಗೆ ಎಂಟರ್ ಒತ್ತಬೇಡಿ.

ಲಿನಕ್ಸೂ ಕೈಕೊಟ್ಟರೆ

ಕೊಡುತ್ತದೆ. ಅದೂ ಸಾಫ್ಟ್‌ವೇರೇ ತಾನೇ. ಮೌಸ್ ಓಡಾಡುತ್ತದೆ, ಡೆಸ್ಕ್‌ಟಾಪ್ ಮಾತ್ರ ಕಲ್ಲಾಗಿದೆ ಅಂದರೆ ಸಿನಮನ್‌ನಲ್ಲಿ ಕಂಟ್ರೋಲ್ ಆಲ್ಟ್ ಎಸ್ಕೇಪ್ ಒತ್ತಿ. ತೆರೆದ ಕಿಟಕಿಗಳು ಹಾಗೇ ಉಳಿದು ಡೆಸ್ಕ್‌ಟಾಪ್ ಮಾತ್ರ ಹೊಸದಾಗಿ ಏಳುತ್ತದೆ.

ಲಾಗಿನ್ ಆದ ಕೂಡಲೇ ಮತ್ತೆ ಲಾಗಿನ್ ಪುಟಕ್ಕೇ ಬಂದು ಬೀಳುತ್ತಿದ್ದರೆ ಡಿಸ್ಕ್ ತುಂಬಿರಬಹುದು. ಕಂಟ್ರೋಲ್ ಆಲ್ಟ್ ಎಫ್3 ಒತ್ತಿ, ಕಪ್ಪು ಸ್ಕ್ರೀನ್‌ನಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು "ಡಿಎಫ್ -ಎಚ್" ಅನ್ನಿ. ಶೇಕಡಾ 100 ಅಂತ ತೋರಿಸಿದರೆ ಕಾರಣ ಸಿಕ್ಕಿತು. ಬಹಳಷ್ಟು ಸಲ ಟೈಮ್‌ಶಿಫ್ಟ್ ಲೆಕ್ಕವಿಲ್ಲದೆ ಸ್ನ್ಯಾಪ್‌ಶಾಟ್ ಕೂಡಿಟ್ಟಿರುತ್ತದೆ, ಹಳೆಯವನ್ನು ತೆಗೆಯಿರಿ.

ಅಪ್‌ಡೇಟ್ ಆದಮೇಲೆ ಬೂಟ್ ಆಗದಿದ್ದರೆ, ಆನ್ ಆಗುವಾಗ ಎಸ್ಕೇಪ್ ಅಥವಾ ಶಿಫ್ಟ್ ಒತ್ತಿ ಗ್ರಬ್ ಮೆನು, ಅಂದರೆ ಯಾವ ಸಿಸ್ಟಮ್ ಎಬ್ಬಿಸಬೇಕು ಅಂತ ಕೇಳುವ ಪಟ್ಟಿ, ತರಿಸಿ. "ಅಡ್ವಾನ್ಸ್ಡ್ ಆಪ್ಷನ್ಸ್" ಒಳಗೆ ಹಿಂದಿನ ಕರ್ನಲ್ ಇನ್ನೂ ಇರುತ್ತದೆ, ಅದನ್ನು ಆರಿಸಿ. ಗ್ರಬ್ಬೇ ಕಾಣದೆ ನೇರ ವಿಂಡೋಸ್ ಬರುತ್ತಿದ್ದರೆ ಬಯೋಸ್‌ನಲ್ಲಿ ಬೂಟ್ ಕ್ರಮ ನೋಡಿ. ದೊಡ್ಡ ಅಪ್‌ಡೇಟ್ ಆದಮೇಲೆ ವಿಂಡೋಸ್ ತಾನೇ ಮುಂದೆ ಬಂದು ಕೂರುವುದುಂಟು.

ಯಾವುದೂ ಆಗದಿದ್ದರೆ ಅದೇ ಲೈವ್ ಪೆನ್‌ಡ್ರೈವ್ ಚುಚ್ಚಿ. ಅದರ ಮೆನುವಿನಲ್ಲೇ ಬೂಟ್ ರಿಪೇರ್ ಇದೆ, ಟೈಮ್‌ಶಿಫ್ಟೂ ಇದೆ. ಟೈಮ್‌ಶಿಫ್ಟ್ ತೆರೆದು, ಸ್ನ್ಯಾಪ್‌ಶಾಟ್ ಇರುವ ಡಿಸ್ಕ್ ತೋರಿಸಿ, ಕೆಡುವ ಹಿಂದಿನ ದಿನಾಂಕ ಆರಿಸಿ, "ರಿಸ್ಟೋರ್" ಒತ್ತಿ. ಹತ್ತು ಹದಿನೈದು ನಿಮಿಷ ಅಕ್ಷರಗಳು ಓಡುತ್ತವೆ. ಮುಗಿದಮೇಲೆ ರೀಸ್ಟಾರ್ಟ್ ಕೇಳುತ್ತದೆ. ಆಗ ಪೆನ್‌ಡ್ರೈವ್ ಕೀಳಲು ಮರೆಯಬೇಡಿ, ಇಲ್ಲದಿದ್ದರೆ ಚಿಕ್ಕಪ್ಪನ ಹಾಗೆ ನೀವೂ ಯಾರಿಗಾದರೂ ಫೋನ್ ಮಾಡುತ್ತೀರಿ.